ಇಪ್ಪತ್ತು ಸಿ.ಸಿ. ಜಾಗ

ಕಾಲು ಮುರಿದದ್ದು ಬಿದ್ದಲ್ಲ, ಒದ್ದು.
ಒದ್ದ ಕಿಕ್ಕರು ತಿರುಗಿ ಒದ್ದದ್ದಕ್ಕೆ
ಎಂಬತ್ತೊಂದರ ಇಡ್ವಾಲ್ ಮಾವನ ಕಣಕಾಲು
ಈಗ ಬಿಳಿ ಪ್ಲಾಸ್ಟರಿನೊಳಗೆ, ಸ್ಟೂಲಿನ ಮೇಲೆ.
"ಗಾಡಿಯದೇನೂ ತಪ್ಪಿಲ್ಲ, ಗ್ವೆನ್,
ಮುದಿಯಾದದ್ದು ನಾನು" ಅನ್ನುತ್ತಾನೆ.
ನನಗೆ ಅನುಮಾನ.

ಬೆಥೆಸ್ಡಾದ ಕಲ್ಲುಗಣಿಯ ಕೆಳಗೆ
ಸ್ಲೇಟು ಹೊದಿಸಿದ ಶೆಡ್ಡು.
ಮೂವತ್ತೊಂಬತ್ತರ ಮಾಡೆಲ್ಲು, ಒಂಟಿ ಸಿಲಿಂಡರು, ಐನೂರು ಸಿ.ಸಿ.
ಇಳಿಜಾರಲ್ಲಿ ದಬ್ಬಿ, ಒಂದು ಸುತ್ತು ಓಡಿಸಿ, ಬೆಚ್ಚಗಾದ ಮೇಲೆ
ಪ್ಲಗ್ಗು ಬಿಚ್ಚಿ ಆ ತೂತಿಗೆ ಗೇಜು ತಿರುಪಿ
ಥ್ರಾಟಲ್ಲು ಪೂರ್ತಿ ತೆರೆದು ಒದ್ದೆ, ಏಳೆಂಟು ಸಲ.
ಮುಳ್ಳು ಮೆಟ್ಟಿಲು ಹತ್ತುವ ಹಾಗೆ ಹತ್ತಿ
ನೂರಾ ಅರವತ್ತೈದು ಪೌಂಡಿಗೆ ನಿಂತಿತು.
ಪುಸ್ತಕದ ಪ್ರಕಾರ ನೂರಾ ಐದಿದ್ದರೆ ಧಾರಾಳ.

ಕಡಿಮೆಯಾಗಿದ್ದರೆ ಗೊತ್ತು ಏನೆಂದು:
ಸವೆದ ರಿಂಗು, ಸೋರುವ ವಾಲ್ವು.
ಹೆಚ್ಚಾದರೆ?
ಎಂಬತ್ತು ದಾಟಿದ ಎಂಜಿನ್ನಿಗೆ
ಪ್ರಾಯ ಬಂದರೆ ಯಾರನ್ನು ಕೇಳುವುದು?

ಮೊದಲು ಗೇಜಿನ ಮೇಲೇ ಗುಮಾನಿ.
ಪಕ್ಕದ ಮನೆಯ ಟೆಗಿಡ್‌ನ ಹೋಂಡಾಕ್ಕೆ ಹಚ್ಚಿ ನೋಡಿದೆ
(ಚಪ್ಪಲಿಯಲ್ಲೇ ಓಡಿಬಂದ, ಏನು ಕೆಡಿಸುತ್ತಾಳೋ ಎಂದು);
ಗೇಜು ಸರಿಯಿದೆ.
ಆಮೇಲೆ ಎಣ್ಣೆ.
ತಿಂಗಳುಗಟ್ಟಲೆ ನಿಂತ ಗಾಡಿ; ಟ್ಯಾಂಕಿನ ಎಣ್ಣೆ
ಸದ್ದಿಲ್ಲದೆ ಕೇಸಿಗಿಳಿದು, ಪಿಸ್ಟನ್ನಿನ ಸುತ್ತ ಅಂಟಿ
ಇಲ್ಲದ ಬಿಗಿ ತೋರಿಸುವುದುಂಟು.
ಬಸಿದೆ, ಅರ್ಧ ಲೀಟರು. ಮತ್ತೆ ಒದ್ದೆ:
ನೂರಾ ಅರವತ್ತು.

ಹೆಡ್ಡು ಬಿಚ್ಚಿದೆ.
ಒಳಗೆ ಮಸಿ, ಹೊರೆಹೊರೆ,
ಅಜ್ಜಿಯ ರೊಟ್ಟಿಹೆಂಚಿನ ತಳದಂತೆ.
ಲೋಹ ಗೀಚದ ಹಾಗೆ ಗಟ್ಟಿಮರದ ಚಕ್ಕೆಯಲ್ಲಿ
ಸಂಜೆವರೆಗೆ ಕೆರೆದೆ.
ಮರಳಿ ಜೋಡಿಸಿದರೆ ನೂರಾ ಐವತ್ತು.
ಹತ್ತು ಪೌಂಡಿಗೆ ಒಂದು ಹಗಲು.

"ಬಿಟ್ಟುಬಿಡು" ಅಂದ ಮಾವ, ಕಿಟಕಿಯಿಂದ.
"ಅದು ಅರವತ್ತೊಂದರಿಂದ ಹೀಗೇ ಬಿಗಿ.
ಆಗ ನನಗೆ ಕಾಲಿತ್ತು."

ಅರವತ್ತೊಂದರಿಂದ!
ಎಲ್ಲ ಪರೀಕ್ಷೆ ಮುಗಿದು, ಎದ್ದು, ಚಿಲಕಕ್ಕೆ ಕೈಯಿಟ್ಟು
ರೋಗಿ ಹೇಳುತ್ತಾನಲ್ಲ, ಆ ಮಾತು.

ಪಿಸ್ಟನ್ನು ತುತ್ತತುದಿಗೆ ತಂದು ನಿಲ್ಲಿಸಿ
ಕುರಿಗೆ ಔಷಧಿ ಕುಡಿಸುವ ಸಿರಿಂಜಿನಿಂದ
ಹನಿಹನಿ ಎಣ್ಣೆ ಬಿಟ್ಟೆ ಪ್ಲಗ್ಗಿನ ತೂತಿಗೆ.
ಎಂಬತ್ತಾರು ಸಿ.ಸಿ. ಹಿಡಿಯಬೇಕು.
ಅರವತ್ತಾರಕ್ಕೇ ತುಳುಕಿತು.

ಇಪ್ಪತ್ತು ಸಿ.ಸಿ. ಜಾಗ.
ಒಂದು ಗುಟುಕು ಚಹಾದಷ್ಟು.
ಎಲ್ಲಿ ಹೋಯಿತು?

ಟಾರ್ಚು ಹಿಡಿದು ಬುಡಕ್ಕೆ ಬಗ್ಗಿದೆ.
ಬ್ಯಾರಲ್ಲು ನೇರ ಕೇಸಿನ ಮೇಲೆ ಕೂತಿದೆ,
ನಡುವೆ ಕಾಗದದ ಗ್ಯಾಸ್ಕೆಟ್ಟು, ಅಷ್ಟೆ.
ನಾಲ್ಕೂ ನಟ್ಟಿನ ತಲೆಯಿಂದ ಸ್ಟಡ್ಡು
ನಾಲ್ಕು ಮಿಲಿಮೀಟರು ಹೆಚ್ಚೇ ಇಣುಕುತ್ತಿದೆ.
ಇಲ್ಲೊಂದು ತಟ್ಟೆ ಇತ್ತು.
ಯುದ್ಧಕಾಲದ ನೀರುನೀರು ಪೆಟ್ರೋಲಿಗೆಂದು
ಎಂಜಿನ್ನಿನ ಬಿಗಿ ಸಡಿಲಿಸಲು ಕೊಟ್ಟ
ಅಲ್ಯುಮಿನಿಯಮ್ಮಿನ ಉಂಗುರ.

ಕೈ ಒರೆಸಿಕೊಂಡು ಅಡಿಗೆಮನೆಗೆ ಬಂದೆ, ಕೇಳಲೆಂದು.
ಕೇಳಲಿಲ್ಲ.
ಚಹಾದ ಕೆಟಲಿನ ಕೆಳಗೆ, ನಾನು ಕಣ್ಣುಬಿಟ್ಟಾಗಿನಿಂದ ಕಂಡ
ಆ ಬೂದು ಉಂಗುರ. ನಾಲ್ಕು ತೂತು.
ಅವುಗಳಲ್ಲಿ ಬೆರಳು ತೂರಿಸಿ ಬೈಸಿಕೊಂಡಿದ್ದೇನೆ.

"ಎಮ್ರಿಸ್" ಅಂದ ಮಾವ, ನನ್ನ ಕಣ್ಣು ಹೋದಲ್ಲಿ ನೋಡಿ.
"ಮರಳ ರೇಸಿನ ಹಿಂದಿನ ರಾತ್ರಿ, ನನಗೂ ಹೇಳದೆ ಬಿಚ್ಚಿದ.
ಗೆದ್ದ.
ಅಮ್ಮ ತೊಳೆದು ಕೆಟಲಿಗಿಟ್ಟಳು.
ಆ ಚಳಿಗಾಲ ಗಣಿಯಲ್ಲಿ ಅವನ ಮೇಲೆ...
ಆಮೇಲೆ ಯಾರು ಕೇಳುತ್ತಾರೆ ಅವಳನ್ನು, ಅದು ಕೊಡು ಅಂತ."

ಶನಿವಾರ ತಟ್ಟೆ ಕೂರಿಸಿ, ಟ್ಯಾಪೆಟ್ಟು ಹೊಂದಿಸಿದೆ.
ನೂರಾ ಎಂಟು.
ಎರಡನೇ ಒದೆಗೇ ಹತ್ತಿಕೊಂಡಿತು
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡ ಮಾವ
ತಲೆ ಒಂದು ಕಡೆ ವಾಲಿಸಿ ಕೇಳಿದ.
"ತುಸು ಸಪ್ಪೆ" ಅಂದ.
ಎಷ್ಟೋ ಹೊತ್ತಿನ ಮೇಲೆ, "ಆಗಲಿ."

ಕೆಟಲಿನ ಕೆಳಗೀಗ ಸ್ಲೇಟಿನ ತುಂಡು.
ಈ ಊರಲ್ಲಿ ಅದಕ್ಕೇನು ಬರ?
ಮೇಜಿನ ಮರದಲ್ಲಿ ಮಾತ್ರ ಆ ಉಂಗುರದ ಗುರುತು,
ನಾಲ್ಕು ಚುಕ್ಕೆ.
ಒಂದು ಚುಕ್ಕೆ ಸ್ಲೇಟಿನ ಹೊರಗೇ ಉಳಿದಿದೆ.
ಸರಿಸಲು ಕೈ ಹಾಕಿದೆ;
ಮಾವ, ಬೇಡ, ಅಂದ.